ಲೋಬೊ ಮಾಸ್ತರರಿಗೆ ಹೊದಿಸಿದ ಶಾಲು

ಕಳೆದ ಶನಿವಾರ ಸಂಜೆ ಗ್ರಾಂಟ್ ರೋಡಿನಲ್ಲಿ ಇಳಿಯಬೇಕಾದ ನಾನು ಸಾಂತಾಕ್ರೂಜಿನಲ್ಲಿ ಇಳಿದೆ.

ನಿದ್ದೆ ಹತ್ತಿತ್ತೇ? ಇಲ್ಲ. ಗರ್ದಿಯಲ್ಲಿ ಬಾಗಿಲ ತನಕ ಬರಲಾಗಲಿಲ್ಲವೇ? ಅದೂ ಅಲ್ಲ. (ಗ್ರಾಂಟ್ ರೋಡಿನಲ್ಲಿ ಇಳಿಯಲು ನಾವೇನೂ ಕಷ್ಟಪಡಬೇಕಾಗಿಲ್ಲ, ಹಿಂದಿನವರೇ ಇಳಿಸಿಬಿಡುತ್ತಾರೆ.) ಎದುರಿಗೆ ಕೂತಿದ್ದ ಒಬ್ಬ ಮನುಷ್ಯನಿಗೆ ನಾನು ಬೈಯುತ್ತಿದ್ದೆ. ಬೈದು ಮುಗಿಯುವಷ್ಟರಲ್ಲಿ ಸಾಂತಾಕ್ರೂಜ್ ಬಂದಿತ್ತು.

ಬೈಸಿಕೊಂಡವರು ಲೋಬೊ ಮಾಸ್ತರು. ಒಂದು ಕಾಲೇಜಿನ ಫುಟ್‌ಬಾಲ್ ಕೋಚ್. ಕಾಲೇಜಿನ ಹೆಸರು ಬೇಡ. (ಪ್ರಿನ್ಸಿಪಾಲರಿಗೆ ಕನ್ನಡ ಬಾರದು ನಿಜ, ಆದರೆ ಅವರ ಜವಾನ ನಮ್ಮ ಹಾವೇರಿ ಕಡೆಯವನು, ಈ ಅಂಕಣ ತಪ್ಪದೆ ಓದುತ್ತಾನೆ.) ಯುದ್ಧಕ್ಕೂ ಮೊದಲು, ಬ್ರಿಟಿಷರ ಕಾಲದಲ್ಲಿ ಮಾಸ್ತರು ಆ ಟೀಮನ್ನು ಕೈಗೆ ತೆಗೆದುಕೊಂಡರು. ಯುದ್ಧ ಮುಗಿಯಿತು. ಬ್ರಿಟಿಷರು ಹೋದರು. ಸಂಸ್ಥಾನಗಳು ಹೋದವು. ಮುಂಬಯಿಯಿಂದ ದಾರೂ ಕೂಡ ಹೋಯಿತು. ಲೋಬೊ ಮಾಸ್ತರು ಮಾತ್ರ ಹೋಗಲಿಲ್ಲ.

ಅವರು ಹೋಗಲಿ ಎಂದು ವರ್ಷ ವರ್ಷ ಹಾರೈಸಿದವರಲ್ಲಿ ನಾನೂ ಒಬ್ಬ. ಯಾಕೆ ಎಂದು ಹೇಳುತ್ತೇನೆ, ನೀವೇ ತೀರ್ಪು ಕೊಡಿ.

ಮಾಸ್ತರ ಹುಡುಗರು ಬರಿಗಾಲಲ್ಲಿ ಆಡುತ್ತಾರೆ. ಮುಂಬಯಿಯಲ್ಲಿ ಫುಟ್‌ಬಾಲ್ ಎಂದರೆ ಮಳೆಗಾಲದ ಆಟ. ಮೈದಾನ ಎಂದರೆ ಕೆಸರು. ನೀರು ಕುಡಿದ ಚರ್ಮದ ಚೆಂಡು ಕುಂಬಳಕಾಯಿಯಷ್ಟು ಭಾರ. ಬೇರೆ ಕಾಲೇಜುಗಳವರು ಒಬ್ಬೊಬ್ಬರಾಗಿ ಬೂಟಿಗೆ ಬಂದರು. ಆ ಬೂಟು ಕೆಸರನ್ನು ಕಚ್ಚಿ ಹಿಡಿಯುತ್ತದೆ. ನಮ್ಮ ಹುಡುಗರು ಕಾಲಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡು ಓಡುತ್ತಾರೆ, ಓಡುತ್ತಾ ಜಾರುತ್ತಾರೆ, ಜಾರಿಕೊಂಡು ಹೋಗಿ ಎದುರಾಳಿಯ ಗೋಲಿನೊಳಗೆ ತಾವೇ ಬೀಳುತ್ತಾರೆ. ಚೆಂಡು ಮಾತ್ರ ಹೊರಗೆ ಉಳಿದಿರುತ್ತದೆ.

ಹಾಫ್ ಟೈಮಿನಲ್ಲಿ ಹುಡುಗರು ಮೋಸಂಬಿ ಹೋಳು ಚೀಪುತ್ತಾ ಮಾಸ್ತರ ಸುತ್ತ ನಿಲ್ಲುತ್ತಾರೆ. ಮಾಸ್ತರು ಹ್ಯಾಟು ಸರಿಮಾಡಿಕೊಂಡು ಒಂದೇ ಮಾತು ಹೇಳುತ್ತಾರೆ: "ಬಾಯ್ಸ್, ಪ್ಲೇ ಯುವರ್ ಗೇಮ್." ಮೂರು ಗೋಲು ಹಿಂದಿದ್ದರೂ ಅದೇ ಮಾತು. ಅಪರೂಪಕ್ಕೆ ಒಂದು ಗೋಲು ಮುಂದಿದ್ದರೂ ಅದೇ ಮಾತು. ಅಲ್ಲ ಸ್ವಾಮಿ, ತಮ್ಮದೇ ಆಟ ಆಡಿದ್ದಕ್ಕೇ ಅಲ್ಲವೇ ಅವರಿಗೆ ಈ ಗತಿ ಬಂದದ್ದು?

ನಿನಗೂ ಆ ಕಾಲೇಜಿಗೂ ಏನಯ್ಯಾ ಸಂಬಂಧ ಎಂದು ನೀವು ಕೇಳಬಹುದು.

ಏನೂ ಇಲ್ಲ. ನಾನು ಓದಿದ್ದು ಧಾರವಾಡದಲ್ಲಿ. ಫೋರ್ಟಿನ ಒಂದು ಇನ್ಶೂರನ್ಸ್ ಆಫೀಸಿನಲ್ಲಿ ಗುಮಾಸ್ತ. ಇರುವುದು ಗ್ರಾಂಟ್ ರೋಡಿನ ಒಂದು ಲಾಡ್ಜಿನಲ್ಲಿ. ಮದುವೆ ಆಗಿಲ್ಲ. (ಯಾಕೆ ಆಗಿಲ್ಲ ಎಂದು ಕೇಳುವವರೆಲ್ಲ ಧಾರವಾಡದಲ್ಲೇ ಉಳಿದರು, ಇಲ್ಲಿ ಯಾರೂ ಕೇಳುವುದಿಲ್ಲ. ಮೊದಮೊದಲು ಅದು ಸುಖ ಅನಿಸಿತ್ತು.)

ಶನಿವಾರ ನಮ್ಮ ಆಫೀಸು ಅರ್ಧ ದಿನ. ಮಧ್ಯಾಹ್ನ ಗಂಟೆ ಬಾರಿಸಿದ್ದೇ ತಡ, ಉಳಿದವರೆಲ್ಲ ಮೆಟ್ಟಿಲು ಹಾರಿ ಇಳಿಯುತ್ತಾರೆ. ಒಬ್ಬನಿಗೆ ಹೆಂಡತಿಗೆ ಹೂವು ಕೊಳ್ಳುವ ಆತುರ, ಇನ್ನೊಬ್ಬನಿಗೆ ಮಗನಿಗೆ ಬಿಸ್ಕತ್ತು ಕೊಳ್ಳುವ ಆತುರ. ನಾನು ನಿಧಾನವಾಗಿ ಇಳಿಯುತ್ತೇನೆ. ಮುಂಬಯಿಯಲ್ಲಿ ನಿಧಾನವಾಗಿ ನಡೆಯುವವನನ್ನು ಕಂಡರೆ ತಿಳಿದುಕೊಳ್ಳಿ, ಅವನಿಗಾಗಿ ಯಾರೂ ಎಲ್ಲೂ ಅನ್ನ ಮುಚ್ಚಿಟ್ಟು ಕಾಯುತ್ತಿಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ಕೆಲಸ ನನ್ನನ್ನು ಹೊತ್ತುಕೊಂಡು ಹೋಗುತ್ತದೆ. ಭಾನುವಾರ ಈ ಅಂಕಣ ಬರೆಯುತ್ತೇನೆ. ಶನಿವಾರ ಮಧ್ಯಾಹ್ನದಿಂದ ಊಟದ ಹೊತ್ತಿನವರೆಗೆ ಏನು ಮಾಡುವುದು? ಚೌಪಾಟಿಯಲ್ಲಿ ಒಬ್ಬನೇ ಕೂತು ಎಷ್ಟು ಭೇಲ್ ತಿನ್ನಬಹುದು?

ನಾನು ಇಲ್ಲಿಗೆ ಬಂದ ಮೊದಲ ಮಳೆಗಾಲ. ಅಂಥದೇ ಒಂದು ಶನಿವಾರ ಚರ್ಚ್‌ಗೇಟ್ ಕಡೆ ಸುಮ್ಮನೆ ಅಲೆಯುತ್ತಿದ್ದಾಗ ಮಳೆ ಹಿಡಿಯಿತು. ಓಡಿ ಹೋಗಿ ಒಂದು ಮೈದಾನದ ಪೆವಿಲಿಯನ್ನಿನ ಸೂರಿನ ಕೆಳಗೆ ನಿಂತೆ. ಯಾವುದೋ ಮ್ಯಾಚ್ ನಡೆದಿತ್ತು. ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದ ದಪ್ಪನೆಯ ಮನುಷ್ಯರೊಬ್ಬರು ಗಂಟಲು ಹರಿಯುವಂತೆ ಕೂಗಿದರು: "ಏ ಹುಚ್ಚಪ್ಯಾ, ಬಲಕ್ಕ ಕೊಡಲೇ ಚೆಂಡ! ಅಲ್ಲೇನ ನಿಮ್ಮಪ್ಪ ನಿಂತಾನೇನ?"

ಮುಂಬಯಿಯಲ್ಲಿ ಅಪರಿಚಿತರೊಬ್ಬರ ಬಾಯಿಂದ ನಾನು ಕೇಳಿದ ಮೊದಲ ಕನ್ನಡ ಅದು. ಬೈಗುಳವಾದರೇನು? ಕಿವಿಗೆ ಬಿದ್ದದ್ದೇ ಕಣ್ಣು ತುಂಬಿ ಬಂತು. ನಾನು ಆ ಟೀಮಿನ ಭಕ್ತನಾದದ್ದು ಹೀಗೆ.

ಕೂಗಿದವರು ವಿಜಾಪುರದ ಕುಲಕರ್ಣಿಯವರು. ರೈಲ್ವೆ ಆಫೀಸಿನಲ್ಲಿ ಕೆಲಸ, ಜೊತೆಗೆ ಒಂದು ಕನ್ನಡ ಸಂಘದ ಕಾರ್ಯದರ್ಶಿ. ಒಂದು ಕಾಲಕ್ಕೆ ಅವರ ಅಕ್ಕನ ಮಗ ಆ ಟೀಮಿನಲ್ಲಿ ಆಡುತ್ತಿದ್ದ. ಅವನು ಪಾಸಾಗಿ ಹೊರಟುಹೋದ, ಸೋದರಮಾವ ಅಲ್ಲೇ ಉಳಿದರು. ಅಂದಿನಿಂದ ಮಳೆಗಾಲದ ಶನಿವಾರಗಳಲ್ಲಿ ಪೆವಿಲಿಯನ್ನಿನ ಎಡತುದಿಗೆ ನಮ್ಮಿಬ್ಬರ ಎರಡು ಕೊಡೆ. ಸೋತ ಮೇಲೆ ಗ್ರಾಂಟ್ ರೋಡಿನಲ್ಲಿ ಶೀನ ಭಟ್ಟರ ಹೋಟೆಲು.

ಭಟ್ಟರು ಉಡುಪಿ ಕಡೆಯವರು. ಅವರ ಹೋಟೆಲಿನ ಮೂಲೆಯ ಮೇಜಿಗೆ ಕೂತು, ಕಾಫಿಯ ಮೇಲೆ ಕಾಫಿ ಕುಡಿಯುತ್ತಾ ಲೋಬೊ ಮಾಸ್ತರರಿಗೆ ಬೈಯುವುದು ನಮ್ಮ ವ್ರತ. (ದುಃಖ ಮರೆಯಲು ಕಾಫಿ ಬಿಟ್ಟು ಬೇರೆ ಏನು ಕುಡಿಯಬೇಕೆಂದರೂ ಈ ರಾಜ್ಯದಲ್ಲಿ ಪರ್ಮಿಟ್ ಬೇಕು.)

"ಈ ಮಾಸ್ತರಗ ಯಾರರೆ ಹೇಳವ್ರ ಇಲ್ಲೇನ್ರೀ?" ಎಂದು ಕುಲಕರ್ಣಿಯವರು ಶುರುಮಾಡುತ್ತಿದ್ದರು. "ಇಡೀ ಜಗತ್ತು ಬೂಟ ಹಾಕ್ಕೊಂಡ ನಡದದ. ಇವರ ಹುಡುಗೂರು ಇನ್ನೂ ಗುಡಿಗೆ ಹೊಂಟವ್ರ ಹಂಗ ಬರಿಗಾಲಲೆ ಹೊಂಟಾರ!"

ಆಮೇಲೆ ನನ್ನ ಸರದಿ. ಆಮೇಲೆ ಮತ್ತೆ ಅವರದು. ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಒಂದು ಸಲ ಭಟ್ಟರು ಗಲ್ಲಾದ ಹಿಂದಿನಿಂದಲೇ ಕೇಳಿದರು: "ಅಲ್ಲ ಮಾರಾಯ್ರೆ, ಆ ಮಾಸ್ತರು ನಾಳೆ ಹೋದ್ರು ಅಂತ ಇಟ್ಕೊಳ್ಳಿ. ಮತ್ತೆ ನೀವಿಬ್ರು ಇಲ್ಲಿ ಕೂತು ಎಂತ ಮಾತಾಡುದು?"

ನಾವಿಬ್ಬರೂ ಜೋರಾಗಿ ನಕ್ಕು ಇನ್ನೊಂದು ಕಾಫಿ ಹೇಳಿದೆವು.

ಈ ವರ್ಷ ಲೀಗಿನ ಮೊದಲ ಮ್ಯಾಚೇ ಸೋತೆವು. ಸೋಲಿಗೂ ಒಂದು ಮರ್ಯಾದೆ ಅಂತ ಇರುತ್ತದೆ, ಈ ಸೋಲಿಗೆ ಅದೂ ಇರಲಿಲ್ಲ. ಕುಲಕರ್ಣಿಯವರು ಕಪ್ಪನ್ನು ಸಾಸರಿನ ಮೇಲೆ ಕುಕ್ಕಿದರು. "ಸಾಕ್ರೀ ದೇಸಾಯರ. ಮಾಸ್ತರಗ ಶಾಲು ಹೊದಿಸಿಬಿಡೂಣು."

ಸಂಘಗಳ ಗಾಳಿ ಸೋಕದ ಪುಣ್ಯವಂತ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. ಮುಂಬಯಿಯ ನಮ್ಮ ಸಂಘಗಳಲ್ಲಿ ಯಾರನ್ನೂ ಯಾರೂ ತೆಗೆದುಹಾಕುವುದಿಲ್ಲ. ನಮ್ಮದು ಮರ್ಯಾದಸ್ಥರ ಸಮಾಜ. ಅಧ್ಯಕ್ಷರು ಕುರ್ಚಿ ಬಿಡುತ್ತಿಲ್ಲವೇ? ಅವರಿಗೊಂದು ಸನ್ಮಾನ ಇಟ್ಟುಕೊಳ್ಳುತ್ತೇವೆ. ಶಾಲು, ಹಾರ, ಹಣ್ಣಿನ ತಟ್ಟೆ, ಅವರ ಅಮೂಲ್ಯ ಸೇವೆಯ ಬಗ್ಗೆ ನಾಲ್ಕು ಮಾತು. ಶಾಲು ಹೊದ್ದವರು ಮನೆಗೆ ಹೋಗಿ ಯೋಚಿಸುತ್ತಾರೆ, ಅರ್ಥ ಮಾಡಿಕೊಳ್ಳುತ್ತಾರೆ, ಮುಂದಿನ ಸಭೆಗೆ ಮಾಜಿ ಅಧ್ಯಕ್ಷರಾಗಿ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಯಾರ ಮನಸ್ಸೂ ನೋಯಲಿಲ್ಲ, ಕೆಲಸವೂ ಆಯಿತು. ಈ ಮದ್ದು ನಾಟದೆ ಹೋದದ್ದನ್ನು ನಾನು ಕಂಡಿಲ್ಲ. (ಒಬ್ಬ ಖಜಾಂಚಿಯಂತೂ ಶಾಲು ಎಂಬ ಮಾತು ಕಿವಿಗೆ ಬಿದ್ದೊಡನೆ ಊರಿಗೇ ಹೊರಟುಹೋದ.)

ಆದರೆ ಒಂದು ವಿಷಯ ನಮಗಿಬ್ಬರಿಗೂ ಹೊಳೆಯಲಿಲ್ಲ. ಲೋಬೊ ಮಾಸ್ತರು ಮಂಗಳೂರು ಕಡೆಯವರು, ಕನ್ನಡ ಚೆನ್ನಾಗಿ ಬಲ್ಲವರು. ಆದರೆ ಆಯುಷ್ಯದಲ್ಲಿ ಒಂದು ಸಂಘದ ಮೆಟ್ಟಿಲನ್ನೂ ಹತ್ತಿದವರಲ್ಲ. ಶಾಲು ಎಂದರೆ ಶಾಲು ಎಂದೇ ಅವರು ತಿಳಿದಿದ್ದರು.

ಒಂದು ಭಾನುವಾರ ಬೆಳಿಗ್ಗೆ ಸಂಘದ ಕೋಣೆಯಲ್ಲಿ ಕಾರ್ಯಕ್ರಮ. ಭಟ್ಟರು ಉಪ್ಪಿಟ್ಟು, ಶಿರಾ ಕಳಿಸಿದ್ದರು. ಹತ್ತಿಪ್ಪತ್ತು ಜನ ಸೇರಿದ್ದರು. ಅವರಿಗೆ ಫುಟ್‌ಬಾಲ್ ಗೊತ್ತಿರಲಿಲ್ಲ, ಶಿರಾ ಗೊತ್ತಿತ್ತು. ಮಾಸ್ತರು ಹಳೆಯ ಸೂಟು, ಟೈ ಹಾಕಿಕೊಂಡು ಹೊತ್ತಿಗೆ ಮುಂಚೆ ಬಂದರು. ಕಾಲಲ್ಲಿ ಮುಖ ಕಾಣುವಷ್ಟು ಪಾಲಿಶ್ ಮಾಡಿದ ಬೂಟು! ಕುಲಕರ್ಣಿಯವರು ನನ್ನ ತೊಡೆ ಚಿವುಟಿ, "ನೋಡ್ರೀ, ತಾವು ಮಾತ್ರ ಹಾಕ್ಕೊಂಡಾರ," ಎಂದರು.

ಹಾರ ಹಾಕಿ ಶಾಲು ಹೊದಿಸುವ ಕೆಲಸ ನನ್ನದು, ಭಾಷಣ ಕುಲಕರ್ಣಿಯವರದು. ಮೂರೇ ಮಾತು ಎಂದು ಭಟ್ಟರ ಹೋಟೆಲಿನಲ್ಲೇ ಗಟ್ಟಿ ಮಾಡಿಕೊಂಡಿದ್ದೆವು. ಮಾಸ್ತರ ಸೇವೆ ದೊಡ್ಡದು. ಮಾಸ್ತರು ಇನ್ನು ವಿಶ್ರಾಂತಿ ತೆಗೆದುಕೊಳ್ಳಲಿ. ಹೊಸಬರಿಗೆ ದಾರಿಯಾಗಲಿ.

ಮೊದಲನೆಯ ಮಾತೇನೋ ಬಂತು. ಎರಡನೆಯದಕ್ಕೆ ಹೋಗುವ ಮೊದಲು ಕುಲಕರ್ಣಿಯವರು ಸಭೆಯನ್ನು ಒಮ್ಮೆ ನೋಡಿದರು. ಅಲ್ಲಿಗೆ ಕೆಟ್ಟಿತು. ಎಷ್ಟು ವರ್ಷ ಎಷ್ಟು ಸನ್ಮಾನಗಳಲ್ಲಿ ಮಾತಾಡಿದ ನಾಲಿಗೆ ಅದು! ತನ್ನ ಹಳೆಯ ದಾರಿ ಹಿಡಿದು ಓಡತೊಡಗಿತು. ಮಾಸ್ತರು ನಮ್ಮ ಕಾಲದ ದ್ರೋಣಾಚಾರ್ಯರಾದರು. ಸೋಲು ಗೆಲುವುಗಳನ್ನು ಸಮನಾಗಿ ಕಂಡ ಸ್ಥಿತಪ್ರಜ್ಞರಾದರು. (ಗೆಲುವನ್ನು ಅವರು ಯಾವಾಗ ಕಂಡರು?) ಕೊನೆಗೆ ಕುಲಕರ್ಣಿಯವರು ಎರಡೂ ಕೈ ಮೇಲೆತ್ತಿ, ಗದ್ಗದ ಕಂಠದಿಂದ ಅಂದರು: "ಮಾಸ್ತರಿಲ್ಲದ ಮೈದಾನ ನಮಗ ಮೈದಾನs ಅಲ್ರೀ! ಇನ್ನೂ ಇಪ್ಪತ್ತು ವರ್ಷ ಅವರು ಹಿಂಗs ನಮ್ಮ ಕಣ್ಮುಂದ ನಿಂತಿರಲಿ!"

ಚಪ್ಪಾಳೆ ಬಿತ್ತು. ಕುಲಕರ್ಣಿಯವರು ಬಂದು ನನ್ನ ಪಕ್ಕ ಕೂತರು. ಬೆವರು ಒರೆಸಿಕೊಂಡರು. ಆಮೇಲೆ ಮುಖ ಬಿಳಚಿತು. "ದೇಸಾಯರ," ಎಂದರು ಮೆಲ್ಲಗೆ, "ನಾ ಏನಂದೆ?"

ಮಾಸ್ತರು ಎದ್ದು ನಿಂತರು. ಶಾಲಿನ ಎರಡೂ ತುದಿಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.

"ನನಗೆ ಭಾಷಣ ಬರುದಿಲ್ಲ. ಹುಡುಗರಿಗೆ ಹೇಳ್ಲಿಕ್ಕೆ ಒಂದು ಮಾತು ಬರ್ತದೆ, ಅಷ್ಟೇ. ಈ ಮಳೆಗಾಲ ಮುಗಿದ ಮೇಲೆ ಕೆಲಸ ಬಿಡ್ತೇನೆ ಅಂತ ನಾನು ಪ್ರಿನ್ಸಿಪಾಲರಿಗೆ ಹೇಳಿ ಆಗಿತ್ತು."

ನಾನು ಕುಲಕರ್ಣಿಯವರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು.

"ಸೋತು ಸೋತು ನನಗೂ ಸಾಕಾಗಿತ್ತು. ಹುಡುಗರು ಬರ್ತಾರೆ, ಹೋಗ್ತಾರೆ. ಮತ್ತೆ ಲೋಕಲ್ಲಿನಲ್ಲಿ ಎದುರು ಕೂತ್ರೂ ಗುರುತು ಹಿಡಿಯುದಿಲ್ಲ. ಆದ್ರೆ ಎಡಗಡೆ ಎರಡು ಕೊಡೆ ಮಾತ್ರ ಎಷ್ಟು ಮಳೆ ಬಂದ್ರೂ ಬರ್ತಿತ್ತು. ಯಾರನ್ನು ನೋಡ್ಲಿಕ್ಕೆ ಬರ್ತಾರೆ ಇವ್ರು, ಇವ್ರ ಮನೆ ಹುಡುಗರು ಈಗ ಯಾರೂ ಇಲ್ವಲ್ಲ ಅಂತ ಆಲೋಚನೆ ಮಾಡ್ತಿದ್ದೆ. ಇವತ್ತು ಗೊತ್ತಾಯ್ತು. ನಾಳೆಯೇ ಹೋಗಿ ಹೇಳ್ತೇನೆ, ನಾನು ಬಿಡುದಿಲ್ಲ ಅಂತ."

ಮತ್ತೆ ಚಪ್ಪಾಳೆ. ಶಿರಾ ತಿಂದವರೆಲ್ಲ ಮನಸಾರೆ ತಟ್ಟಿದರು. ನಾವು ಬಾಯಿ ಮುಚ್ಚಿಕೊಂಡು ಮನೆಯಲ್ಲಿ ಕೂತಿದ್ದರೆ ಮಾಸ್ತರು ತಾವಾಗಿಯೇ ಹೋಗುತ್ತಿದ್ದರು! ಶಾಲು ಹೊದಿಸಿ ಕಳಿಸಲು ಹೋದವರು ಶಾಲು ಹೊದಿಸಿ ಕಟ್ಟಿಹಾಕಿದೆವು. ಸಂಘಗಳ ಇತಿಹಾಸದಲ್ಲಿ ಇಂಥದು ಎಲ್ಲಾದರೂ ನಡೆದಿದೆಯೇ?

ಮರುವಾರ ನಾನು ಕುಲಕರ್ಣಿಯವರ ಆಫೀಸಿಗೆ ಫೋನು ಮಾಡಿದೆ. ಶನಿವಾರ ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಕೇಳಿದೆ.

"ನೀವು ಹೋಗ್ರೀ ದೇಸಾಯರ. ನಾ ಇನ್ನ ಬರೂದಿಲ್ಲ."

"ಯಾಕ್ರೀ?"

"ಮಂದಿ ಮುಂದ ಬಾಯಿ ತುಂಬ ಹೊಗಳಿ ಬಂದೀನಿ. ಈಗ ಅದs ಬಾಯಿಲೆ ಹೆಂಗ ಬೈಲಿ? ಬೈಲಿಕ್ಕೆ ಬರದಿದ್ರ ಆ ಮ್ಯಾಚ್ ನೋಡೂದರೆ ಯಾಕ? ಮತ್ತ ಮನ್ಯಾಗೂ..." ಎಂದು ತಡೆದರು.

ಮನೆಯ ವಿಷಯ ನನಗೆ ಗೊತ್ತಿತ್ತು. ಈ ವರ್ಷ ಹೆಂಡತಿ ಮಕ್ಕಳನ್ನು ವಿಜಾಪುರದಿಂದ ಕರೆಸಿಕೊಂಡು ಆಂಟಾಪ್ ಹಿಲ್‌ನಲ್ಲಿ ಮನೆ ಮಾಡಿದ್ದಾರೆ. ಅವರ ಶನಿವಾರಕ್ಕೆ ಈಗ ಬೇರೆ ಹಕ್ಕುದಾರರು ಬಂದಿದ್ದಾರೆ. ಒಳ್ಳೆಯದೇ ಆಯಿತು ಎಂದೆ. ಫೋನು ಇಟ್ಟೆ. ನನಗೆ ಹೊಟ್ಟೆಕಿಚ್ಚಾಗಿತ್ತು, ಸುಳ್ಳು ಯಾಕೆ ಹೇಳಲಿ? ಮನೆಯಿದ್ದವರು ಒಂದು ಸೋಲಿನಿಂದ ಮನೆಗೆ ಹೋಗಬಹುದು. ನಾನು ಎಲ್ಲಿಗೆ ಹೋಗಲಿ?

ಹೀಗೆ ಕಳೆದ ಶನಿವಾರ ಎಡತುದಿಯಲ್ಲಿ ಒಂದೇ ಕೊಡೆ. ಮಳೆ ಎಂದರೆ ಮಳೆ. ಪೆವಿಲಿಯನ್ನಿನಲ್ಲಿ ನನ್ನನ್ನು ಬಿಟ್ಟರೆ ಒದ್ದೆಯಾದ ಒಂದು ನಾಯಿ. ಹುಡುಗರು ಜಾರಿದರು, ಬಿದ್ದರು, ಗೋಲಿನ ಮೇಲೆ ಗೋಲು ಹೊಡೆಸಿಕೊಂಡರು. ಒಂದು ಸಲ ಸಿಟ್ಟು ತಡೆಯಲಾಗದೆ ನಾನೂ ಕೂಗಿ ನೋಡಿದೆ. ಒಬ್ಬನೇ ಕೂಗಿದರೆ ದನಿ ಎಷ್ಟು ಸಣ್ಣದಾಗಿ ಕೇಳುತ್ತದೆ! ಪಕ್ಕದಲ್ಲಿ "ಹೌದ್ರೀ ಮತ್ತ!" ಎನ್ನುವವರಿಲ್ಲದೆ ಸಿಟ್ಟು ಕೂಡ ರುಚಿಸುವುದಿಲ್ಲ.

ಮ್ಯಾಚ್ ಮುಗಿಯಿತು. ಹುಡುಗರು ಹೊರಟುಹೋದರು. ಮಾಸ್ತರು ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ನೆಟ್ಟಗೆ ನಾನಿದ್ದಲ್ಲಿಗೆ ಬಂದರು.

"ಇನ್ನೊಂದು ಕೊಡೆ ಎಲ್ಲಿ?"

"ಅವ್ರಿಗೆ ಮನ್ಯಾಗ ಸ್ವಲ್ಪ ಕೆಲಸ ಅದ, ಮಾಸ್ತರ."

"ಹೌದಾ." ಪಕ್ಕದ ಖಾಲಿ ಜಾಗ ನೋಡಿದರು. "ಆಟ ಹೇಗಿತ್ತು?"

ಇಷ್ಟು ವರ್ಷ ಬೆನ್ನ ಹಿಂದೆ ಬೈದ ಮನುಷ್ಯ ಎದುರಿಗೆ ಬಂದು ನಿಂತು ಹೀಗೆ ಕೇಳಿದರೆ ಏನು ಹೇಳುವುದು? "ಛಲೋ ಇತ್ರೀ," ಎಂದೆ.

"ಇಂಥ ಮಳೆಯಲ್ಲಿ ಒಬ್ರೇ ಬಂದು ನಿಂತವ್ರು ಸುಳ್ಳು ಹೇಳ್ಬಾರ್ದು," ಎಂದರು ಮಾಸ್ತರು. "ಸರಿಯಾಗಿ ಹೇಳಿ."

ಹೇಳಿದೆ. ಕಟ್ಟೆ ಒಡೆಯಿತು ನೋಡಿ. ಮೈದಾನದಿಂದ ಚರ್ಚ್‌ಗೇಟ್ ತನಕ ನಡೆಯುತ್ತಾ ಹೇಳಿದೆ. ಲೋಕಲ್ಲಿನಲ್ಲಿ ಎದುರುಬದುರು ಕೂತು ಹೇಳಿದೆ. ಮಳೆಗಾಲದಲ್ಲಿ ಬರಿಗಾಲು ಯಾಕೆ? ಚೆಂಡೇ ಹಿಡಿಯಲು ಬಾರದ ಆ ಗೋಲ್‌ಕೀಪರನನ್ನು ಯಾಕೆ ಇಟ್ಟುಕೊಂಡಿದ್ದೀರಿ? ನಿಮ್ಮ ಆಟ ಆಡಿ, ನಿಮ್ಮ ಆಟ ಆಡಿ ಎನ್ನುತ್ತೀರಲ್ಲ, ಅದು ಯಾವ ಆಟ? ಮರೀನ್ ಲೈನ್ಸ್ ಬಂತು. ಚರ್ನಿ ರೋಡ್ ಬಂತು. ಗ್ರಾಂಟ್ ರೋಡ್ ಬಂತು, ಹೋಯಿತು. ಕಿಟಕಿಯಿಂದ ನನ್ನ ಸ್ಟೇಷನ್ನಿನ ಬೋರ್ಡು ನೋಡಿದೆ. ಎದ್ದು ಹೋಗಿ ಆ ಕೋಣೆಯ ಬೀಗ ತೆಗೆಯಬೇಕಲ್ಲ ಅನಿಸಿತು. ಏಳಲಿಲ್ಲ.

ಮಾಸ್ತರು ತಲೆ ತಗ್ಗಿಸಿ ಕೇಳುತ್ತಿದ್ದರು ಎಂದುಕೊಂಡಿರಾ? ಮುಂದಕ್ಕೆ ಬಾಗಿ, ಕಣ್ಣರಳಿಸಿ ಕೇಳುತ್ತಿದ್ದರು. ನಡುನಡುವೆ ವಾದ ಹೂಡುತ್ತಿದ್ದರು. ಗೋಲ್‌ಕೀಪರನ ಪರವಾಗಿ ದಾದರ್‌ವರೆಗೆ ಹೋರಾಡಿದರು. ಆದರೆ ಬೂಟಿನ ಮಾತು ಬಂದಾಗ ವಾದ ಹೂಡಲಿಲ್ಲ. ತೊಡೆಯ ಮೇಲಿನ ಚೆಂಡಿನ ಕೆಸರು ಒರೆಸುತ್ತಾ ಹೇಳಿದರು: "ನನಗೆ ಬೂಟು ಹಾಕಿ ಆಡ್ಲಿಕ್ಕೆ ಬರುದಿಲ್ಲ ಮಾರಾಯ್ರೆ. ನಾನು ಆಡಿದ್ದೆಲ್ಲ ಬರಿಗಾಲಲ್ಲಿ. ನನಗೇ ಬಾರದ್ದನ್ನು ಹುಡುಗರಿಗೆ ಹೇಗೆ ಕಲಿಸುದು?"

ಇಷ್ಟೇ! ಈ ಒಂದು ಉತ್ತರಕ್ಕಾಗಿ ನಾವು ಎಷ್ಟು ಕಾಫಿ ಕುಡಿದಿದ್ದೆವು! ಹಟ ಎಂದಿದ್ದೆವು, ಸೊಕ್ಕು ಎಂದಿದ್ದೆವು. ಪಾಪ, ಮನುಷ್ಯನಿಗೆ ನಾಚಿಕೆ.

ಸಾಂತಾಕ್ರೂಜಿನಲ್ಲಿ ಅವರು ಇಳಿದರು. ನಾನೂ ಇಳಿದೆ.

"ನಿಮ್ಮ ಮನೆ ಇಲ್ಲಿಯಾ?"

"ಅಲ್ಲ ಮಾಸ್ತರ. ಗ್ರಾಂಟ್ ರೋಡು."

ಮಾಸ್ತರು ನನ್ನನ್ನು ಒಂದು ಕ್ಷಣ ನೋಡಿದರು. ನಗಲಿಲ್ಲ. "ಹಾಗಾದ್ರೆ ಒಂದು ಚಾ ಕುಡಿದು ಹೋಗಿ. ಬೈಲಿಕ್ಕೆ ಇನ್ನೂ ಉಂಟಲ್ಲ?"

ಸ್ಟೇಷನ್ನಿನಿಂದ ತುಸು ದೂರದಲ್ಲಿ ಅವರ ಕೋಣೆ. ಒಂದು ಮಂಚ, ಒಂದು ಸ್ಟೋವ್, ಎರಡು ಕುರ್ಚಿ. ಒಂದು ಕುರ್ಚಿಯ ಮೇಲೆ ನಮ್ಮ ಶಾಲು ಮಡಿಕೆ ಕೆಡದ ಹಾಗೆ ಇತ್ತು. ಮಾಸ್ತರು ಅದನ್ನು ಎರಡೂ ಕೈಯಿಂದ ಎತ್ತಿ ಮಂಚದ ಮೇಲೆ ಇಟ್ಟು, ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ, "ಕೂತ್ಕೊಳ್ಳಿ," ಎಂದರು. ಆ ಕುರ್ಚಿಯಲ್ಲಿ ಯಾರಾದರೂ ಕೂತು ಬಹಳ ಕಾಲವಾಗಿತ್ತು. ನನ್ನ ಲಾಡ್ಜಿನ ಕೋಣೆಯಲ್ಲಿ ಎರಡನೆಯ ಕುರ್ಚಿಯೇ ಇಲ್ಲ.

ಚಹಾ ಕುಡಿಯುತ್ತಾ ಉಳಿದದ್ದನ್ನೂ ಬೈದೆ. ಇಷ್ಟು ತೃಪ್ತಿಯ ಶನಿವಾರ ಈಚೆಗೆ ನನಗೆ ಸಿಕ್ಕಿರಲಿಲ್ಲ.

ಹೊರಡುವಾಗ ಮಾಸ್ತರು ಬಾಗಿಲ ತನಕ ಬಂದರು. "ನೀವು ಹೇಳಿದ್ದು ಸರಿ ಉಂಟು," ಎಂದರು. "ಬೂಟು ಹಾಕಿ ಆಡಿ ಗೊತ್ತಿದ್ದ ಒಬ್ಬ ಹಳೇ ಹುಡುಗ ಇದ್ದಾನೆ, ಅವನನ್ನು ಕರೆಸ್ತೇನೆ. ಅವನು ಕಲಿಸ್ಲಿ. ಮುಂದಿನ ಶನಿವಾರ ಬೂಟಿನಲ್ಲಿ ಆಡಿಸುವ. ಗೆದ್ರೂ ಗೆಲ್ಲಬಹುದು. ನೀವು ಬರ್ತೀರಲ್ಲ?"

ಬರುತ್ತೇನೆ ಎಂದೆ. ಖುಷಿಯಾಗಬೇಕಿತ್ತು. ಎಷ್ಟು ಮಳೆಗಾಲ ಇದೊಂದು ಮಾತಿಗಾಗಿ ಕಾದಿದ್ದೆ! ವಾಪಸ್ ಲೋಕಲ್ಲಿನಲ್ಲಿ ಒಬ್ಬನೇ ಕೂತು ಬರುವಾಗ ಮಾತ್ರ ಶೀನ ಭಟ್ಟರ ಆ ಹಳೆಯ ಪ್ರಶ್ನೆ ನೆನಪಾಯಿತು. ಆವತ್ತು ನಕ್ಕಿದ್ದೆ, ಈಗ ನಗು ಬರಲಿಲ್ಲ.

ಮತ್ತೆ ಶನಿವಾರ ಬರುತ್ತಿದೆ. ಮಾಸ್ತರ ಹುಡುಗರು ನಿಜವಾಗಿಯೂ ಗೆದ್ದುಬಿಟ್ಟರೆ, ಸಾಂತಾಕ್ರೂಜ್‌ವರೆಗೆ ನಾವಿಬ್ಬರೂ ಏನು ಮಾತಾಡಿಕೊಂಡು ಹೋಗುವುದು?